ಶ್ರೀ, ಶ್ರೀಮತಿ, ಸೌ.: ಗಡಿನಾಡಿನ ಗ್ರಂಥಾಲಯದಲ್ಲಿ ಲಿಂಗತ್ವ ಮತ್ತು ದುಡಿಮೆ

1. ಹೆಸರಿನ ಹಿಂದಿನ ಅಕ್ಷರ

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ದಾರಿಯಲ್ಲಿ, ದಕ್ಷಿಣ ಸೊಲ್ಲಾಪುರ ತಾಲೂಕಿಗೆ ಸೇರಿದ ವಳಸಂಗದಂಥ ಊರುಗಳಲ್ಲಿ, ‘ಶ್ರೀಮತಿ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಕನ್ನಡದ ರೂಢಿಯಲ್ಲಿ ಅದು ಮದುವೆಯಾದ ಹೆಣ್ಣಿನ ಹೆಸರಿನ ಹಿಂದೆ ಬರುವ ಗೌರವವಾಚಕ. ಮರಾಠಿಯ ಸಾಂಪ್ರದಾಯಿಕ ರೂಢಿಯಲ್ಲಿ ಗಂಡನಿರುವವಳು ‘ಸೌ.’, ಎಂದರೆ ಸೌಭಾಗ್ಯವತಿ. ‘ಶ್ರೀಮತಿ’ ಗಂಡನನ್ನು ಕಳೆದುಕೊಂಡವಳ ಹೆಸರಿಗೆ ಸಲ್ಲುವ ಪದ. ಸರಕಾರಿ ಮರಾಠಿ ಈಗ ಎಲ್ಲ ಹೆಂಗಸರನ್ನೂ ‘ಶ್ರೀಮತಿ’ ಎಂದು ಬರೆಯತೊಡಗಿದ್ದರೂ ಮನೆಮಾತಿನ ಮತ್ತು ಲಗ್ನಪತ್ರಿಕೆಯ ಮರಾಠಿಯಲ್ಲಿ ಹಳೆಯ ಭೇದ ಅಳಿದಿಲ್ಲ. ಹೀಗಾಗಿ ಇಂಥ ಊರಿನ ವಾಚನಾಲಯವೊಂದರ ಮೇಜಿನ ಮೇಲೆ ಗ್ರಂಥಪಾಲಕಿಯ ಹೆಸರುಹಲಗೆ ಇಟ್ಟರೆ, ಅದೇ ಅಕ್ಷರಗಳು ಕನ್ನಡದ ಓದುಗರಿಗೆ ಒಂದನ್ನೂ ಮರಾಠಿಯ ಓದುಗರಿಗೆ ಇನ್ನೊಂದನ್ನೂ ಹೇಳಬಲ್ಲವು. ಅವಳ ಜಾಗದಲ್ಲಿ ಗಂಡಸು ಕುಳಿತಿದ್ದರೆ ‘ಶ್ರೀ’ ಎಂಬ ಒಂದಕ್ಷರ ಎರಡೂ ಭಾಷೆಗಳಲ್ಲಿ ಸಾಕಾಗುತ್ತಿತ್ತು. ಅದು ಅವನ ಮನೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಗ್ರಂಥಾಲಯ ವೃತ್ತಿ ಮತ್ತು ಲಿಂಗತ್ವದ ಸಂಬಂಧವನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಸಂಖ್ಯೆಗಳಿಂದ ಆರಂಭವಾಗುತ್ತದೆ: ಹುದ್ದೆಗಳಲ್ಲಿ ಹೆಂಗಸರೆಷ್ಟು, ಮೇಲಿನ ಹುದ್ದೆಗಳಲ್ಲಿ ಎಷ್ಟು, ಸಂಬಳ ಎಷ್ಟು. ಈ ಪ್ರಶ್ನೆಗಳು ಅಗತ್ಯವಾದವು. ಆದರೆ ಎಣಿಕೆ ಆರಂಭವಾಗುವ ಮೊದಲೇ ಲಿಂಗತ್ವ ಆ ಮೇಜನ್ನು ತಲುಪಿರುತ್ತದೆ. ಹುದ್ದೆಯ ಹೆಸರು, ಓದುಗರು ಕರೆಯುವ ರೀತಿ, ಉತ್ತರ ಕೊಡುವಾಗ ಬಳಸಬೇಕಾದ ಕ್ರಿಯಾಪದ, ಪುಸ್ತಕವನ್ನು ಯಾವ ಕಪಾಟಿಗೆ ಸೇರಿಸಬೇಕೆಂಬ ತೀರ್ಮಾನ, ಇವೆಲ್ಲವೂ ಅದನ್ನು ಅಲ್ಲಿ ಪ್ರತಿದಿನ ಹೊಸದಾಗಿ ಸ್ಥಾಪಿಸುತ್ತವೆ. ಎರಡು ಭಾಷೆಗಳು ಒಂದೇ ಮೇಜಿನ ಮೇಲೆ ಕೂಡುವಲ್ಲಿ ಈ ಕೆಲಸ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಒಂದು ಭಾಷೆ ಸಹಜವೆಂದು ಮುಚ್ಚಿಟ್ಟದ್ದನ್ನು ಇನ್ನೊಂದು ಭಾಷೆ ತೆರೆದು ತೋರಿಸುತ್ತದೆ. ಗಡಿನಾಡಿನ ಗ್ರಂಥಾಲಯವನ್ನು ಈ ದೃಷ್ಟಿಯಿಂದ ಓದಿದಾಗ, ಅಮೆರಿಕದ ಗ್ರಂಥಾಲಯ ಸ್ತ್ರೀವಾದ ರೂಪಿಸಿದ ಪರಿಕಲ್ಪನೆಗಳ ಮಿತಿಯೂ ಗಡಿನಾಡ ಕನ್ನಡ ಚಿಂತನೆಯ ಒಂದು ಮೌನವೂ ಒಟ್ಟಿಗೇ ಎದುರಾಗುತ್ತವೆ.

2. ಭಂಡಾರದ ದೇವತೆ, ಭಂಡಾರದ ಒಡೆಯ

ಕನ್ನಡದಲ್ಲಿ ಗ್ರಂಥಪಾಲನೆಯ ಇತಿಹಾಸ ಈ ಸೀಮೆಗೆ ದೂರದ್ದಲ್ಲ. ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನ ಅಲ್ಲಿನ ಘಟಿಕಾಸ್ಥಾನದಲ್ಲಿ ವಿದ್ಯಾರ್ಥಿಗಳ, ಉಪಾಧ್ಯಾಯರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಉಲ್ಲೇಖಿಸುತ್ತದೆ. ಭಾರತದ ಗ್ರಂಥಾಲಯ ಚರಿತ್ರೆಕಾರರು ಇದನ್ನು ಹೆಮ್ಮೆಯಿಂದ ನೆನೆಯುವುದು ಸರಿಯೇ. ಆದರೆ ಆ ಪದವನ್ನು ಬಿಡಿಸಿ ನೋಡಿದವರು ಕಡಿಮೆ. ಭಂಡಾರ ದೇವಿಯದು, ಭಂಡಾರಿಗ ಎಂಬ ಹುದ್ದೆಯ ರೂಪ ಪುಲ್ಲಿಂಗದ್ದು. ಇದಕ್ಕೂ ಅರ್ಧ ಶತಮಾನಕ್ಕೂ ಹಿಂದೆ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಕನ್ನಡದ ಓದುಗರೆಲ್ಲ ಬಲ್ಲ ಸಂಗತಿ. ಹೀಗೆ ಪರಂಪರೆಯಲ್ಲಿ ಹೆಣ್ಣು ಪುಸ್ತಕದ ಅಧಿದೇವತೆಯಾಗಿ ಬರುತ್ತಾಳೆ, ಪುಸ್ತಕದ ದಾನಿಯಾಗಿ ಬರುತ್ತಾಳೆ. ಪುಸ್ತಕಕ್ಕೆ ಲೆಕ್ಕ ಕೊಡಬೇಕಾದ, ಅದಕ್ಕಾಗಿ ವೃತ್ತಿ ಪಡೆಯಬೇಕಾದ ಸ್ಥಾನದಲ್ಲಿ ಮಾತ್ರ ಅವಳು ಕಾಣಿಸುವುದಿಲ್ಲ.

ಆಧುನಿಕ ಕನ್ನಡದ ‘ಗ್ರಂಥಪಾಲಕ’ ಎಂಬ ಪದವೂ ಈ ಭಾರದಿಂದ ಮುಕ್ತವಲ್ಲ. ಪಾಲಕನೆಂದರೆ ಕಾಪಾಡುವವನು, ಯಜಮಾನ. ಉತ್ತರ ಕರ್ನಾಟಕದಲ್ಲಿಯೂ ಮರಾಠಿಯಲ್ಲಿಯೂ ಪಾಲಕರೆಂದರೆ ಮಕ್ಕಳ ತಂದೆತಾಯಿ. ‘ಗ್ರಂಥಪಾಲಕಿ’ ಎಂದು ಸ್ತ್ರೀಪ್ರತ್ಯಯ ಹಚ್ಚಿದೊಡನೆ ಮೊದಲಿನ ರೂಪವೇ ಮೂಲ, ಇದು ಅದರಿಂದ ಹುಟ್ಟಿದ್ದು ಎಂಬ ಭಾವ ಬರುತ್ತದೆ. ಮರಾಠಿಯ ‘ಗ್ರಂಥಪಾಲ’ ಹೆಣ್ಣಿಗೂ ಗಂಡಿಗೂ ಒಂದೇ. ಆದರೆ ಅದರ ಹಿಂದೆ ಬರುವ ಕ್ರಿಯಾಪದ ಲಿಂಗವನ್ನು ಹೇಳದೆ ಬಿಡುವುದಿಲ್ಲ. ಕನ್ನಡದ ‘ಗ್ರಂಥಪಾಲಕರು’ ಎಂಬ ಬಹುವಚನ ಹುದ್ದೆಯನ್ನೂ ಕ್ರಿಯೆಯನ್ನೂ ಲಿಂಗದಿಂದ ಬಿಡಿಸುತ್ತದೆ. ಈ ಸೌಕರ್ಯದ ಬೆಲೆ ಎಷ್ಟೆಂಬುದನ್ನು ಮುಂದೆ ನೋಡಬೇಕು.

ಎಸ್.ಆರ್. ರಂಗನಾಥನ್ ಅವರ ಪಂಚಸೂತ್ರಗಳು 1931ರಲ್ಲಿ ಪ್ರಕಟವಾದವು. ಎರಡನೆಯ ಸೂತ್ರವನ್ನು ವಿವರಿಸುವಾಗ ಅವರು ಗಂಡು-ಹೆಣ್ಣಿನ ಭೇದವನ್ನು, ಪಟ್ಟಣ-ಹಳ್ಳಿಯ ಭೇದವನ್ನು ಬೇರೆ ಬೇರೆಯಾಗಿ ಎತ್ತಿಕೊಂಡು, ಪುಸ್ತಕ ಎಲ್ಲರಿಗೂ ಸಲ್ಲಬೇಕೆಂದು ವಾದಿಸುತ್ತಾರೆ. ಅಂದಿನ ಮದ್ರಾಸಿನಲ್ಲಿ ಇದು ಧೈರ್ಯದ ಮಾತು. ಆದರೂ ಆ ಸೂತ್ರವನ್ನು ಇಂಗ್ಲಿಷಿನಲ್ಲಿ ಉಲ್ಲೇಖಿಸುವಾಗ ಓದುಗರನ್ನು ಸೂಚಿಸುವ ಸರ್ವನಾಮ ಹಲವೊಮ್ಮೆ ಪುಲ್ಲಿಂಗದ್ದೇ. ಅಂದಿನ ಇಂಗ್ಲಿಷಿನ ರೂಢಿಯೇ ಹಾಗಿತ್ತೆಂಬ ಸಮಾಧಾನ ಇದಕ್ಕೆ ಸಿದ್ಧವಾಗಿದೆ. 1897ರ ಸಾಮಾನ್ಯ ಖಂಡಗಳ ಕಾಯಿದೆಯ 13ನೆಯ ಕಲಮು ಪುಲ್ಲಿಂಗದ ಪದಗಳಲ್ಲಿ ಸ್ತ್ರೀಯರೂ ಅಡಕವೆಂದು ಸಾರಿಯೇ ಇದೆ. ಹೆಚ್ಚು ಗಂಭೀರವಾದ ಪ್ರಶ್ನೆ ಬೇರೆ. ರಂಗನಾಥನ್ ಅವರ ವಾದದಲ್ಲಿ ಹೆಣ್ಣು ಓದುಗಳಾಗಿ ಹಕ್ಕು ಪಡೆಯುತ್ತಾಳೆ. ಓದುಗರ ಸಮಯವನ್ನು ಉಳಿಸಬೇಕಾದ ದುಡಿಮೆಗಾರ್ತಿಯ ಸಮಯ ಆ ಸೂತ್ರಗಳ ವಿಷಯವಾಗುವುದಿಲ್ಲ. ಓದುಗರ ಸಮಯವನ್ನು ಉಳಿಸುವವರ ಸಮಯವನ್ನು ಯಾರು ಉಳಿಸುತ್ತಾರೆ? ರಂಗನಾಥನ್ ತಮ್ಮ ಉಳಿತಾಯದಿಂದ ಗ್ರಂಥಾಲಯ ವಿಜ್ಞಾನಕ್ಕೆ ಕೊಟ್ಟ ದತ್ತಿಗಳಿಗೆ ಪತ್ನಿ ಶಾರದಾ ಅವರ ಹೆಸರಿಟ್ಟರು. ಗಂಡನ ಅಖಂಡ ದುಡಿಮೆಯ ಹಿಂದೆ ಒಂದು ಮನೆ ನಡೆಯುತ್ತಿತ್ತೆಂಬುದಕ್ಕೆ ಆ ಹೆಸರು ಸಾಕ್ಷಿ. ಅತ್ತಿಮಬ್ಬೆಯಿಂದ ಒಂಬತ್ತು ಶತಮಾನಗಳ ಅನಂತರವೂ ಹೆಣ್ಣಿನ ಹೆಸರು ಗ್ರಂಥಾಲಯವನ್ನು ಪ್ರವೇಶಿಸುವ ಬಾಗಿಲು ದಾನದ್ದೇ ಆಗಿರುವುದು ಗಮನಾರ್ಹ.

3. ಎರವಲು ಪರಿಕಲ್ಪನೆಗಳ ಪರೀಕ್ಷೆ

ಗ್ರಂಥಾಲಯ ಹೆಣ್ಣಿನ ವೃತ್ತಿ ಎಂಬ ಮಾತು ಅಮೆರಿಕದ ಇತಿಹಾಸದಿಂದ ಹುಟ್ಟಿದ್ದು. ಮೆಲ್ವಿಲ್ ಡ್ಯೂಯಿ 1887ರಲ್ಲಿ ಕೊಲಂಬಿಯಾದಲ್ಲಿ ಆರಂಭಿಸಿದ ಗ್ರಂಥಾಲಯ ಶಾಲೆಯ ಮೊದಲ ತಂಡದ 20 ಮಂದಿಯಲ್ಲಿ 17 ಮಂದಿ ಹೆಂಗಸರು. ಓದಿದ ಹೆಣ್ಣಿಗೆ ಬೇರೆ ಬಾಗಿಲುಗಳು ಮುಚ್ಚಿದ್ದ ಕಾಲದಲ್ಲಿ ಕಡಿಮೆ ಸಂಬಳಕ್ಕೆ ಸಿಗುವ ಸುಶಿಕ್ಷಿತ ದುಡಿಮೆ ಅದು. ಡೀ ಗ್ಯಾರಿಸನ್ 1979ರಲ್ಲಿ ಈ ಬೆಳವಣಿಗೆಯನ್ನು ವಿಶ್ಲೇಷಿಸಿ, ಗ್ರಂಥಾಲಯವು ಮನೆಯ ವಿಸ್ತರಣೆಯಾಗಿ, ಗ್ರಂಥಪಾಲಕಿ ಅದರ ಗೃಹಿಣಿಯಾಗಿ ಕಲ್ಪಿತವಾದ ಬಗೆಯನ್ನು ತೋರಿಸಿದರು. ಹೆಂಗಸರಿಗೆ ಬಾಗಿಲು ತೆರೆದ ಅದೇ ಡ್ಯೂಯಿ ಅವರೊಡನೆ ನಡೆದುಕೊಂಡ ರೀತಿಯೂ ಅವರ ಜನಾಂಗ ತಾರತಮ್ಯವೂ ಕಾರಣವಾಗಿ, 2019ರಲ್ಲಿ ಅಮೆರಿಕದ ಗ್ರಂಥಾಲಯ ಸಂಘ ತನ್ನ ಪದಕದಿಂದ ಅವರ ಹೆಸರನ್ನು ತೆಗೆಯಿತು.

ಭಾರತಕ್ಕೆ ಅಮೆರಿಕದ ಮಾದರಿ ಬಂದದ್ದು ಬರೋಡಾದ ಮೂಲಕ. 1910ರಲ್ಲಿ ಸಯಾಜಿರಾವ್ ಗಾಯಕವಾಡರು ವಿಲಿಯಂ ಬೋರ್ಡನ್ ಅವರನ್ನು ಕರೆಸಿ ಸಂಸ್ಥಾನದ ಗ್ರಂಥಾಲಯ ವ್ಯವಸ್ಥೆಯನ್ನು ಕಟ್ಟಿಸಿದರು. ವರ್ಗೀಕರಣ ಬಂತು, ಸಂಚಾರಿ ಪೆಟ್ಟಿಗೆಗಳು ಬಂದವು, ತರಬೇತಿ ಬಂತು. ವೃತ್ತಿ ಹೆಣ್ಣಿನದಾಗುವ ಪ್ರಕ್ರಿಯೆ ಮಾತ್ರ ಅದೇ ರೂಪದಲ್ಲಿ ಬರಲಿಲ್ಲ. ಮಹಾರಾಷ್ಟ್ರದ ವಾಚನಾಲಯ ಬೆಳೆದುಬಂದದ್ದು ಮನೆಯ ವಿಸ್ತರಣೆಯಾಗಿ ಅಲ್ಲ, ಊರಕಟ್ಟೆಯ ವಿಸ್ತರಣೆಯಾಗಿ. ವೃತ್ತಪತ್ರಿಕೆಯ ಮೇಜಿನ ಸುತ್ತ ಬೆಳಿಗ್ಗೆ ಗಂಡಸರು ಸೇರುವ ಸಾರ್ವಜನಿಕ ಜಾಗ ಅದು. ಆದ್ದರಿಂದ ಇಲ್ಲಿನ ಗ್ರಂಥಪಾಲಕಿ ಹೆಂಗಸರ ವೃತ್ತಿಯೊಂದನ್ನು ಪ್ರವೇಶಿಸುವುದಿಲ್ಲ; ಗಂಡಸರ ಕೋಣೆಯಲ್ಲಿ ಇಟ್ಟ ಮೇಜೊಂದಕ್ಕೆ ಬಂದು ಕೂರುತ್ತಾಳೆ. ಅಮೆರಿಕದ ಸ್ತ್ರೀವಾದಿ ಗ್ರಂಥಾಲಯ ವಿಮರ್ಶೆಯನ್ನು ಕನ್ನಡಕ್ಕೆ ತರುವಾಗ ಈ ವ್ಯತ್ಯಾಸವನ್ನು ಮರೆತರೆ ವಾದದ ಬುಡವೇ ತಪ್ಪುತ್ತದೆ.

ಕ್ರಿಸ್ಟೀನ್ ವಿಲಿಯಮ್ಸ್ 1992ರಲ್ಲಿ ಮಂಡಿಸಿದ ‘ಗಾಜಿನ ಎಸ್ಕಲೇಟರ್’ ಪರಿಕಲ್ಪನೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ದಾದಿ, ಪ್ರಾಥಮಿಕ ಶಿಕ್ಷಕ, ಸಮಾಜಕಾರ್ಯಕರ್ತ, ಗ್ರಂಥಪಾಲಕ ಎಂಬ ನಾಲ್ಕು ‘ಹೆಣ್ಣು ವೃತ್ತಿ’ಗಳಲ್ಲಿರುವ ಗಂಡಸರನ್ನು ಅವರು ಅಧ್ಯಯನ ಮಾಡಿದರು. ಅಲ್ಪಸಂಖ್ಯಾತರಾಗಿದ್ದರೂ ಆ ಗಂಡಸರನ್ನು ವ್ಯವಸ್ಥೆ ಕೆಳಗೆ ತಳ್ಳುವುದಿಲ್ಲ. ಅವರು ನಿಂತಲ್ಲೇ ನಿಲ್ಲಬಯಸಿದರೂ ಆಡಳಿತದ ಮೇಲಿನ ಸ್ಥಾನಗಳಿಗೆ ಒಯ್ಯುತ್ತದೆ. ಮಕ್ಕಳ ವಿಭಾಗದಲ್ಲಿ ಸಂತೋಷದಿಂದಿರುವ ಗಂಡಸನ್ನು ಸಂಶಯದಿಂದ ನೋಡುವುದೂ ಇದರದೇ ಇನ್ನೊಂದು ಮುಖ. 2009ರಲ್ಲಿ ಅಡಿಯಾ ಹಾರ್ವೆ ವಿಂಗ್‌ಫೀಲ್ಡ್ ಈ ಎಸ್ಕಲೇಟರ್ ಕಪ್ಪು ಗಂಡಸರಿಗೆ ಚಲಿಸುವುದಿಲ್ಲವೆಂದು ತೋರಿಸಿ ಪರಿಕಲ್ಪನೆಯನ್ನು ತಿದ್ದಿದರು. ಈ ತಿದ್ದುಪಡಿ ಗಡಿನಾಡಿಗೆ ಮೂಲ ಪರಿಕಲ್ಪನೆಗಿಂತ ಹೆಚ್ಚು ಉಪಯುಕ್ತ. ಇಲ್ಲಿ ಲಿಂಗತ್ವದ ಪ್ರಶ್ನೆ ಜಾತಿಯನ್ನು ಬಿಟ್ಟು ಬರುವುದಿಲ್ಲ. ಅಂಬೇಡ್ಕರರ ಭೇಟಿಯ ನೆನಪನ್ನು ಕಾಯ್ದುಕೊಂಡ ಬಾವಿಯೊಂದು ವಳಸಂಗದಲ್ಲಿದೆ. ‘ಸಾರ್ವಜನಿಕ’ ಎಂಬ ಪದ ಯಾರನ್ನು ಒಳಗೊಳ್ಳುತ್ತದೆ ಎಂಬ ಪ್ರಶ್ನೆ ಊರಿನ ನೀರಿಗೆ ಸಂಬಂಧಿಸಿದ್ದಂತೆ ಊರಿನ ಪುಸ್ತಕಕ್ಕೂ ಸಂಬಂಧಿಸಿದೆ. ಆ ಮೇಜಿನ ಹಿಂದೆ ಕೂತವಳು ದಲಿತಳಾಗಿದ್ದರೆ ಅವಳು ಎದುರಿಸುವ ನೋಟವನ್ನು ‘ಹೆಣ್ಣು’ ಎಂಬ ಒಂದೇ ಪದ ವಿವರಿಸಲಾರದು.

ಫೊಬಾಜಿ ಎಟ್ಟಾರ್ 2018ರಲ್ಲಿ ಮಂಡಿಸಿದ ವಿಚಾರ ಇಲ್ಲಿಗೆ ಇನ್ನಷ್ಟು ಹತ್ತಿರದ್ದು. ಗ್ರಂಥಾಲಯವನ್ನು ಪವಿತ್ರವೆಂದೂ ಅದರ ಕೆಲಸವನ್ನು ದೈವದತ್ತ ಕರೆಯೆಂದೂ ಭಾವಿಸುವ ವೃತ್ತಿಭಕ್ತಿಯು ಸಂಬಳ, ಸಮಯ, ಸುರಕ್ಷಿತತೆಗಳನ್ನು ಕೇಳುವವರ ಬಾಯಿ ಮುಚ್ಚಿಸುತ್ತದೆ ಎಂಬುದು ಅವರ ವಾದ. ಸಿದ್ಧರಾಮನ ನಾಡಾದ ಸೊಲ್ಲಾಪುರದಲ್ಲಿ ಈ ಭಕ್ತಿಗೆ ‘ಕಾಯಕ’, ‘ದಾಸೋಹ’ ಎಂಬ ಸಿದ್ಧ ಪದಗಳೇ ದೊರೆಯುತ್ತವೆ. ಜ್ಞಾನದಾಸೋಹ ಮಾಡುವವರು ಸಂಬಳ ಕೇಳಬಾರದೆಂಬ ಧ್ವನಿ ಸನ್ಮಾನ ಸಮಾರಂಭಗಳ ಭಾಷಣಗಳಲ್ಲಿ ಅಪರಿಚಿತವಲ್ಲ. ಆದರೆ ಶರಣರ ಕಾಯಕ ತತ್ತ್ವದಲ್ಲಿ ದುಡಿಮೆಯ ಅಳತೆ ಇತ್ತು, ನಿಷ್ಠುರ ಲೆಕ್ಕವಿತ್ತು. ಗಂಡ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಪ್ರಶ್ನಿಸಿದವಳು ಆಯ್ದಕ್ಕಿ ಲಕ್ಕಮ್ಮ. ಹೆಚ್ಚಿಗೆ ತಂದದ್ದನ್ನು ಪ್ರಶ್ನಿಸುವ ಪರಂಪರೆ, ಕಡಿಮೆ ಕೊಟ್ಟದ್ದನ್ನು ಪ್ರಶ್ನಿಸಬಾರದೆಂದು ಹೇಳಲಾರದು.

4. ಒಬ್ಬರೇ ಇರುವ ಸಂಸ್ಥೆ

1967 ಗಡಿನಾಡ ಕನ್ನಡಿಗರಿಗೆ ಮಹಾಜನ ಆಯೋಗದ ವರ್ಷ. ಅಕ್ಕಲಕೋಟೆ ತಾಲೂಕು ಮೈಸೂರು ರಾಜ್ಯಕ್ಕೆ ಸೇರಬೇಕೆಂಬ ಅದರ ಶಿಫಾರಸು ಜಾರಿಯಾಗದೆ ಉಳಿದ ಕಥೆಯನ್ನು ಗಡಿನಾಡ ಬರವಣಿಗೆ ಮತ್ತೆ ಮತ್ತೆ ಹೇಳಿದೆ. ಅದೇ 1967ರಲ್ಲಿ ಮಹಾರಾಷ್ಟ್ರದ ಸಾರ್ವಜನಿಕ ಗ್ರಂಥಾಲಯ ಕಾಯಿದೆಯೂ ಬಂತೆಂಬುದನ್ನು ನೆನೆಯುವವರು ವಿರಳ. ಗಡಿಯ ಗೆರೆಯ ಪ್ರಶ್ನೆ ಇತ್ಯರ್ಥವಾಗದೆ ನಿಂತಿತು. ಆದರೆ ವಳಸಂಗದ ಅಥವಾ ಅಕ್ಕಲಕೋಟೆಯ ಕನ್ನಡ ಓದುಗರಿಗೆ ಪುಸ್ತಕ ಕೊಡುವವರ ಸಂಬಳ, ಸಮಯ, ಭದ್ರತೆಗಳನ್ನು ಅಂದಿನಿಂದ ನಿರ್ಧರಿಸುತ್ತ ಬಂದದ್ದು ಈ ಎರಡನೆಯ ದಾಖಲೆ.

1965ರ ಕರ್ನಾಟಕದ ಕಾಯಿದೆ ಗ್ರಂಥಾಲಯವನ್ನು ಸರಕಾರಿ ಇಲಾಖೆಯ ಅಂಗವಾಗಿ ಕಲ್ಪಿಸಿದರೆ, ಮಹಾರಾಷ್ಟ್ರದ ವ್ಯವಸ್ಥೆ ಮುಖ್ಯವಾಗಿ ನಿಂತಿರುವುದು ಊರಿನ ಜನ ನಡೆಸುವ ನೋಂದಾಯಿತ ಸಂಸ್ಥೆಗಳ ಮೇಲೆ. ಸರಕಾರ ಅವುಗಳಿಗೆ ಮಾನ್ಯತೆ ಕೊಟ್ಟು, ‘ಅ’, ‘ಬ’, ‘ಕ’, ‘ಡ’ ಎಂದು ವರ್ಗ ಮಾಡಿ ಅನುದಾನ ನೀಡುತ್ತದೆ. ರಾಜ್ಯದಲ್ಲಿ ಇಂಥ ಸಾವಿರಾರು ಗ್ರಂಥಾಲಯಗಳಿವೆ. ಊರಿನ ಉತ್ಸಾಹದಿಂದ ಗ್ರಂಥಾಲಯ ಬೆಳೆಯುವುದು ಇದರ ದೊಡ್ಡ ಗುಣ. ಇದರ ದೋಷವೂ ಅಲ್ಲಿಯೇ ಇದೆ. ಗ್ರಂಥಪಾಲಕರು ಸರಕಾರಿ ನೌಕರರಲ್ಲ. ಅವರನ್ನು ನೇಮಿಸುವುದು ಸಂಸ್ಥೆಯ ಕಾರ್ಯಕಾರಿ ಮಂಡಳಿ. ಕೆಳವರ್ಗದ ಗ್ರಂಥಾಲಯಗಳಲ್ಲಿ ದುಡಿಯುವವರು ಒಬ್ಬರೋ ಇಬ್ಬರೋ. ವೇತನಶ್ರೇಣಿಗಾಗಿ ಈ ನೌಕರರ ಬೇಡಿಕೆ ದಶಕಗಳಷ್ಟು ಹಳೆಯದು. ಮನೆ ನಡೆಸಲು ಸಾಲದ ಸಂಬಳದ ಈ ಕೆಲಸ ‘ಹೆಂಗಸಿಗೆ ಒಳ್ಳೆಯದು’ ಎಂಬ ಮಾತು ಹುಟ್ಟುವುದು ಇಲ್ಲಿ. ಆ ಮಾತು ಮೇಲುನೋಟಕ್ಕೆ ಮೆಚ್ಚುಗೆಯಂತೆ ಕಂಡರೂ ಅದರ ಒಳಗಿರುವುದು ಸಂಬಳದ ತೀರ್ಮಾನ. ಅವಳ ಗಳಿಕೆ ಮನೆಯ ಎರಡನೆಯ ಗಳಿಕೆ, ಆದ್ದರಿಂದ ಇಷ್ಟು ಸಾಕು ಎಂಬುದೇ ಅದರ ತರ್ಕ. ಗಂಡನಿಲ್ಲದವಳು, ಮದುವೆ ಬೇಡವೆಂದವಳು, ಮನೆಯಿಂದ ಹೊರಬಿದ್ದ ಲಿಂಗತ್ವ ಅಲ್ಪಸಂಖ್ಯಾತರು ಈ ತರ್ಕದ ಹೊರಗೇ ಉಳಿಯುತ್ತಾರೆ.

ಕಾನೂನು ಕೂಡ ಈ ಒಂಟಿ ಮೇಜನ್ನು ತಲುಪುವ ಹೊತ್ತಿಗೆ ಕ್ಷೀಣಿಸಿರುತ್ತದೆ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯಿದೆ ಹತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿ ಆಂತರಿಕ ಸಮಿತಿಯನ್ನು ಕಡ್ಡಾಯ ಮಾಡುತ್ತದೆ. ಅದಕ್ಕಿಂತ ಕಡಿಮೆಯಿದ್ದರೆ ದೂರು ಹೋಗಬೇಕಾದದ್ದು ಜಿಲ್ಲೆಯ ಸ್ಥಳೀಯ ಸಮಿತಿಗೆ. ಗ್ರಾಮೀಣ ಭಾಗದಲ್ಲಿ ಅದನ್ನು ಸ್ವೀಕರಿಸಲು ತಾಲೂಕಿಗೊಬ್ಬ ನೋಡಲ್ ಅಧಿಕಾರಿ ಇರಬೇಕು. ಕಾಗದದ ಮೇಲೆ ದಾರಿ ಇದೆ. ಆದರೆ ಒಬ್ಬಳೇ ದುಡಿಯುವ ಗ್ರಂಥಾಲಯದಲ್ಲಿ ದೂರು ಕೊಡುವುದೆಂದರೆ ತನ್ನನ್ನು ನೇಮಿಸಿದ ಮಂಡಳಿಯ ವಿರುದ್ಧವೋ ದಿನವೂ ಎದುರು ಕೂರುವ ಓದುಗರ ವಿರುದ್ಧವೋ ಒಬ್ಬಳೇ ತಾಲೂಕಿನ ಕಚೇರಿಗೆ ನಡೆಯುವುದು. ದೂರಿದವರು ಯಾರೆಂದು ಗುಟ್ಟಾಗಿಡುವುದು ಅಲ್ಲಿ ಅಸಾಧ್ಯ. ಸಂಸ್ಥೆಗೆ ಇರುವವಳೇ ಒಬ್ಬಳು.

ಸಮಯದ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡಿದೆ. ಸೊಲ್ಲಾಪುರ ಬೀಡಿ ಕಟ್ಟುವ ಹೆಂಗಸರ ಊರು. ವಳಸಂಗದ ದಾರಿಯಲ್ಲೇ ಇರುವ ಕುಂಭಾರಿಯಲ್ಲಿ ಬೀಡಿ ಕಾರ್ಮಿಕರ ಸಾವಿರಾರು ಮನೆಗಳ ದೊಡ್ಡ ವಸಾಹತು ಎದ್ದಿದೆ. ಬೀಡಿಯ ಎಣಿಕೆಯ ಮೇಲೆ ಕೂಲಿ ಪಡೆಯುವ ಈ ಹೆಂಗಸರಿಗೆ ವಾಚನಾಲಯ ತೆರೆದಿರುವ ಬೆಳಗಿನ, ಸಂಜೆಯ ಹೊತ್ತು ಮನೆಗೆಲಸದ ಅಥವಾ ಕೂಲಿಯ ಹೊತ್ತು. ಅವರ ಹೊತ್ತಿಗೆ ಬಾಗಿಲು ತೆರೆಯಬೇಕೆಂದರೆ ಗ್ರಂಥಪಾಲಕಿ ತನ್ನ ಮನೆಯ ಹೊತ್ತನ್ನು ಬಿಟ್ಟುಕೊಡಬೇಕು. ಹೆಣ್ಣು ಓದುಗಳ ಹಕ್ಕೂ ಹೆಣ್ಣು ನೌಕರಳ ಹಕ್ಕೂ ಪರಸ್ಪರ ಎದುರಾಗಿ ನಿಲ್ಲುವ ಈ ಸ್ಥಿತಿಗೆ ಪರಿಹಾರ ತ್ಯಾಗದಲ್ಲಿಲ್ಲ, ಎರಡನೆಯ ಹುದ್ದೆಯಲ್ಲಿದೆ.

5. ಮೇಜಿನ ವ್ಯಾಕರಣ

ಇಂಥ ಮೇಜಿನ ಮುಂದೆ ಓದುಗರು ಬಂದು ಪುಸ್ತಕ ಕೇಳುತ್ತಾರೆ. ಗಂಡಸು ಕುಳಿತಿದ್ದರೆ ‘ಸರ್’; ಹೆಂಗಸಾಗಿದ್ದರೆ ‘ಮ್ಯಾಡಮ್’, ‘ಬಾಯಿ’, ‘ಅಕ್ಕಾ’, ವಯಸ್ಸಾಗಿದ್ದರೆ ‘ಮಾವಶಿ’. ‘ಅಕ್ಕಾ’ ಎಂಬ ಕರೆಯಲ್ಲಿ ಪ್ರೀತಿಯಿದೆ, ಪರವೂರಿನ ಹೆಣ್ಣಿಗೆ ಊರಿನಲ್ಲಿ ರಕ್ಷಣೆ ಕೊಡುವ ಶಕ್ತಿಯೂ ಇದೆ. ಆದರೆ ಅಕ್ಕ ತಡವಾಗಿ ಬಂದ ಪುಸ್ತಕಕ್ಕೆ ದಂಡ ಕೇಳುವುದು ಕಷ್ಟ. ನಂಟಸ್ತಿಕೆಯ ಪದ ಗೌರವವನ್ನು ಕೊಟ್ಟು ಅಧಿಕಾರವನ್ನು ಹಿಂತೆಗೆದುಕೊಳ್ಳುತ್ತದೆ. ‘ಸರ್’ ಎಂಬ ಪದಕ್ಕೆ ಈ ತೊಡಕಿಲ್ಲ. ಅದು ಹುದ್ದೆಯನ್ನಷ್ಟೇ ಕರೆಯುತ್ತದೆ.

ಉತ್ತರ ಕೊಡುವಾಗ ಎರಡು ಭಾಷೆಗಳ ಹಾದಿ ಬೇರೆಯಾಗುತ್ತದೆ. ‘ಪುಸ್ತಕ ಕೊಡುತ್ತೇನೆ’ ಎಂಬ ಕನ್ನಡ ವಾಕ್ಯದಲ್ಲಿ ಹೇಳುವವರ ಲಿಂಗವಿಲ್ಲ. ಮರಾಠಿಯಲ್ಲಿ ಗಂಡು ‘ದೇತೋ’ ಎನ್ನಬೇಕು, ಹೆಣ್ಣು ‘ದೇತೇ’ ಎನ್ನಬೇಕು. ‘ಬಂದೆ’ ಎನ್ನುವಲ್ಲಿ ‘ಆಲೋ’ ಅಥವಾ ‘ಆಲೇ’. ‘ದಿಲೇ’ ಎಂಬ ಭೂತಕಾಲದಲ್ಲಿಯೂ ‘ದೇಈನ’ ಎಂಬ ಭವಿಷ್ಯತ್ತಿನಲ್ಲಿಯೂ ಲಿಂಗ ಮರೆಯಾಗುತ್ತದೆ. ಆದರೆ ಮೇಜಿನ ಕೆಲಸ ನಡೆಯುವುದು ಬಹುಮಟ್ಟಿಗೆ ವರ್ತಮಾನದಲ್ಲಿ. ಹುಟ್ಟಿನಿಂದ ದಾಖಲಾದ ಲಿಂಗದೊಡನೆ ತನ್ನನ್ನು ಗುರುತಿಸಿಕೊಳ್ಳದ ವ್ಯಕ್ತಿಯೊಬ್ಬರು ಈ ಮೇಜಿನ ಹಿಂದೆ ಕುಳಿತರೆಂದು ಭಾವಿಸಿದರೆ, ಮರಾಠಿಯ ಓದುಗರಿಗೆ ಕೊಡುವ ಪ್ರತಿ ಉತ್ತರವೂ ಅವರಿಗೆ ಒಂದು ಘೋಷಣೆ. ಕನ್ನಡದ ‘ನಾನು’ ಅವರನ್ನು ಏನನ್ನೂ ಕೇಳುವುದಿಲ್ಲ. ನಮ್ಮ ಶಾಲಾ ವ್ಯಾಕರಣ ‘ನಾನು’, ‘ನೀನು’, ‘ತಾನು’ ಎಂಬ ಪದಗಳನ್ನು ವಿಶೇಷ್ಯಾಧೀನ ಲಿಂಗವೆಂದು ಕರೆಯುತ್ತದೆ. ಅವುಗಳ ಲಿಂಗ ಆ ಪದದಲ್ಲಿಲ್ಲ, ಅದನ್ನು ನುಡಿಯುವ ಅಥವಾ ಅದರಿಂದ ಸೂಚಿತರಾಗುವ ವ್ಯಕ್ತಿಯಲ್ಲಿದೆ. ಕೊಲ್ಹಾಪುರ ಭಾಗದ ಗ್ರಾಮೀಣ ಮರಾಠಿಯಲ್ಲಿ ಹೆಂಗಸರೂ ‘ಯೇತೋ’, ‘ಜಾತೋ’ ಎನ್ನುವುದುಂಟು. ಕನ್ನಡದ ನೆರೆಯಲ್ಲಿ ಮರಾಠಿಯ ಈ ಕಟ್ಟು ಸಡಿಲವಾಗಿರುವುದು ಕೇವಲ ಆಕಸ್ಮಿಕವಾಗಿರಲಾರದು.

ಪ್ರಥಮ ಪುರುಷದಲ್ಲಿಯೂ ಹೀಗೆಯೇ. ಮರಾಠಿಯ ಗೌರವ ಬಹುವಚನ ‘ತೇ ಆಲೇ’, ‘ತ್ಯಾ ಆಲ್ಯಾ’ ಎಂದು ಗಂಡು-ಹೆಣ್ಣನ್ನು ಬೇರ್ಪಡಿಸುತ್ತದೆ. ಕನ್ನಡದ ‘ಅವರು ಬಂದರು’ ಯಾರನ್ನೂ ಬೇರ್ಪಡಿಸುವುದಿಲ್ಲ. ಇದನ್ನು ಕಂಡು ಕನ್ನಡ ಸಹಜವಾಗಿಯೇ ಸಮಾನತೆಯ ಭಾಷೆಯೆಂದು ಹೆಮ್ಮೆಪಡುವುದು ಸುಲಭ. ಆದರೆ ಅದು ಅವಸರದ ತೀರ್ಮಾನ. ‘ಅವರು’ ಗೌರವದ ಪದ. ಗೌರವ ಸಿಕ್ಕವರಿಗೆ ಮಾತ್ರ ಅದು ಲಿಂಗದಿಂದ ಬಿಡುಗಡೆ ಕೊಡುತ್ತದೆ. ಗೌರವ ತಪ್ಪಿದ ಕ್ಷಣ ‘ಅಂವ’, ‘ಅಕಿ’ ಎಂಬ ಏಕವಚನಗಳು ಮರಳಿ ಬರುತ್ತವೆ. ಲಿಂಗತ್ವ ಅಲ್ಪಸಂಖ್ಯಾತರ ಪಾಲಿಗೆ ಬಹಳ ಸಲ ‘ಅದು’ ಬರುತ್ತದೆ. ಕನ್ನಡದಲ್ಲಿ ಲಿಂಗದ ಅಂಚು ಸ್ಥಾನಮಾನದ ಅಂಚಿನ ಕೆಳಗೆ ಅಡಗಿದೆ. ಮರಾಠಿ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನು ಕನ್ನಡ ದುರ್ಬಲರನ್ನು ಮಾತ್ರ ಕೇಳುತ್ತದೆ.

ಕಾನೂನಿನ ಭಾಷೆ ಈಚೆಗೆ ಬದಲಾಗಿದೆ. 2014ರ ನಾಲ್ಸಾ ತೀರ್ಪು ವ್ಯಕ್ತಿ ತನ್ನ ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. 2019ರ ಕಾಯಿದೆ ಉದ್ಯೋಗದಲ್ಲಿ ತಾರತಮ್ಯವನ್ನು ನಿಷೇಧಿಸಿ, ಪ್ರತಿ ಸಂಸ್ಥೆಯೂ ದೂರು ಅಧಿಕಾರಿಯನ್ನು ಗೊತ್ತುಮಾಡಬೇಕೆಂದಿತು. 2021ರಲ್ಲಿ ಕರ್ನಾಟಕ ಸರಕಾರಿ ಹುದ್ದೆಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1ರಷ್ಟು ಸಮತಲ ಮೀಸಲಾತಿ ಕೊಟ್ಟಿತು. ಆದರೆ ಆ ನಿಯಮ ಆಳಂದ, ಅಫಜಲಪುರಗಳ ಗಡಿಯಲ್ಲಿ ನಿಲ್ಲುತ್ತದೆ. ಅಕ್ಕಲಕೋಟೆಯ ಕನ್ನಡಿಗರು ಇಷ್ಟು ಕಾಲ ಶಾಲೆ, ಪಠ್ಯ, ನೌಕರಿಗಳ ವಿಷಯದಲ್ಲಿ ಅನುಭವಿಸಿದ ಗೆರೆಯೇ ಇದು.

6. ಕಪಾಟಿನ ತೀರ್ಮಾನ

ಗ್ರಂಥಪಾಲಕರ ಬೌದ್ಧಿಕ ದುಡಿಮೆ ಪುಸ್ತಕಕ್ಕೆ ಜಾಗ ಗೊತ್ತುಮಾಡುವುದು. ಈ ಕೆಲಸ ತಟಸ್ಥವಲ್ಲವೆಂದು ಸ್ಯಾನ್‌ಫರ್ಡ್ ಬರ್ಮನ್ 1971ರಲ್ಲಿಯೂ ಹೋಪ್ ಓಲ್ಸನ್ 2002ರಲ್ಲಿಯೂ ವಿಸ್ತಾರವಾಗಿ ವಾದಿಸಿದರು. ಮೂರು ಆತ್ಮಕಥನಗಳನ್ನು ಮುಂದಿಟ್ಟುಕೊಂಡರೆ ಪ್ರಶ್ನೆ ತಾನಾಗಿ ತೆರೆದುಕೊಳ್ಳುತ್ತದೆ: ಪದ್ಮಶ್ರೀ ಪುರಸ್ಕೃತ ಮಂಜಮ್ಮ ಜೋಗತಿಯವರ ‘ನಡುವೆ ಸುಳಿವ ಹೆಣ್ಣು’, ಎ. ರೇವತಿಯವರ ‘ಬದುಕು ಬಯಲು’, ಲಕ್ಷ್ಮೀ ನಾರಾಯಣ ತ್ರಿಪಾಠಿಯವರ ಮರಾಠಿ ಕೃತಿ ‘ಮೀ ಹಿಜಡಾ, ಮೀ ಲಕ್ಷ್ಮೀ’. ಡ್ಯೂಯಿ ಪದ್ಧತಿಯ 306.76ರಲ್ಲಿ ಇವನ್ನಿಟ್ಟರೆ ಇವು ಒಂದು ಸಾಮಾಜಿಕ ವಿಷಯದ ದಾಖಲೆಗಳು. 920ರಲ್ಲಿಟ್ಟರೆ ಬಾಳಿದ ವ್ಯಕ್ತಿಗಳ ಚರಿತ್ರೆಗಳು. ಮೊದಲನೆಯದರಲ್ಲಿ ಹುಡುಕುವವರಿಗೆ ಪುಸ್ತಕ ಸಿಗುತ್ತದೆ, ವ್ಯಕ್ತಿ ವಿಷಯವಾಗಿ ಕುಗ್ಗುತ್ತಾಳೆ. ಎರಡನೆಯದರಲ್ಲಿ ಮಂಜಮ್ಮ ಉಳಿದ ಕಲಾವಿದರ ಸಾಲಿನಲ್ಲಿ ನಿಲ್ಲುತ್ತಾರೆ, ಆದರೆ ಆ ಪುಸ್ತಕದ ಅಗತ್ಯ ಹೆಚ್ಚಾಗಿರುವ ಹದಿಹರೆಯದ ಓದುಗರಿಗೆ ಅದು ಕಣ್ಣಿಗೆ ಬೀಳದೆ ಹೋಗಬಹುದು. ಎಲ್ಲಮ್ಮನ ಜೋಗಪ್ಪ, ಜೋಗತಿಯರನ್ನು ಜಾತ್ರೆಯಲ್ಲಿ ಬಲ್ಲ ಈ ಸೀಮೆಯಲ್ಲಿ, ಜಾನಪದದ ಕಪಾಟು ಮೂರನೆಯ ಆಯ್ಕೆ; ಅದು ಎಲ್ಲಕ್ಕಿಂತ ಸುಲಭದ್ದು, ಎಲ್ಲಕ್ಕಿಂತ ಅಪಾಯದ್ದು ಕೂಡ. ಬದುಕಿರುವ ನಾಗರಿಕರನ್ನು ಅದು ಆಚರಣೆಯನ್ನಾಗಿ ಮಾಡಿಬಿಡುತ್ತದೆ.

ಈ ತೀರ್ಮಾನವನ್ನು ಯಾರು ಮಾಡಿದರೆಂಬುದರ ಮೇಲೆ ಅದರ ಅರ್ಥ ಬದಲಾಗುತ್ತದೆ. ಗಂಡು ಗ್ರಂಥಪಾಲಕ ಇಂಥ ಪುಸ್ತಕವನ್ನು ಶಿಫಾರಸು ಮಾಡಿದರೆ ಅದು ಓದಿನ ವಿಸ್ತಾರ. ಹೆಂಗಸು ಮಾಡಿದರೆ ಅವಳ ‘ವಿಚಾರ’ಗಳ ಬಗ್ಗೆ ಮಾತು ಹುಟ್ಟುತ್ತದೆ. ಲಿಂಗತ್ವ ಅಲ್ಪಸಂಖ್ಯಾತರೊಬ್ಬರು ಮಾಡಿದರೆ ಪ್ರಚಾರವೆನಿಸುತ್ತದೆ. ಒಂದೇ ವೃತ್ತಿಪರ ಕ್ರಿಯೆ ಮೂವರ ಕೈಯಲ್ಲಿ ಮೂರು ಬಗೆಯಾಗಿ ಓದಿಸಿಕೊಳ್ಳುತ್ತದೆ. ತಟಸ್ಥತೆ ಎಂದು ಕರೆಸಿಕೊಳ್ಳುವ ವೃತ್ತಿಗುಣ ಹೀಗೆ ಕೆಲವರಿಗೆ ಹುಟ್ಟಿನಿಂದಲೇ ದೊರೆತಿರುತ್ತದೆ. ಉಳಿದವರು ಅದನ್ನು ಪ್ರತಿದಿನ ಮೌನದಿಂದ ಗಳಿಸಬೇಕಾಗುತ್ತದೆ.

7. ಎರಡು ಅಲ್ಪಸಂಖ್ಯಾತತೆಗಳು

ಗಡಿನಾಡ ಕನ್ನಡ ಚಿಂತನೆ ಗ್ರಂಥಾಲಯದ ಬಗ್ಗೆ ಆಡಿದ ಮಾತು ಬಹುಮಟ್ಟಿಗೆ ಪುಸ್ತಕದ ಭಾಷೆಯನ್ನು ಕುರಿತದ್ದು. ಕಪಾಟಿನಲ್ಲಿ ಕನ್ನಡ ಎಷ್ಟು, ಪತ್ರಿಕೆ ಯಾವುದು, ಅನುದಾನ ಯಾರದು. ಮೇಜಿನ ಹಿಂದೆ ಯಾರು, ಯಾವ ಷರತ್ತಿನ ಮೇಲೆ, ಎಂಬ ಪ್ರಶ್ನೆ ಅದರಲ್ಲಿ ವಿರಳ. ಭಾಷೆಯನ್ನು ತಾಯಿ ಎಂದು ಕರೆಯುವ ಪರಂಪರೆ ಈ ಮೌನಕ್ಕೆ ಒಂದು ಕಾರಣ. ತಾಯಿ ಕಾಯುವವಳು, ಉಣಿಸುವವಳು. ಅವಳಿಗೆ ಕೆಲಸದ ಅವಧಿಯಿಲ್ಲ. ಸೊಲ್ಲಾಪುರದಲ್ಲಿ 1912ರಲ್ಲಿ ಹುಟ್ಟಿ, ಮರಾಠಿ-ಕನ್ನಡಗಳೆರಡರಲ್ಲೂ ಬರೆದು, ಸಿದ್ಧರಾಮನ ಮೇಲೆ ಮಹಾಕಾವ್ಯ ರಚಿಸಿ, 1974ರಲ್ಲಿ ಮಂಡ್ಯದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷರಾದ ಜಯದೇವಿ ಲಿಗಾಡೆಯವರನ್ನು ನಾಡು ‘ತಾಯಿ’ ಎಂದೇ ನೆನೆಯುತ್ತದೆ. ಆ ಗೌರವ ಹೃದಯದಿಂದ ಬಂದದ್ದು. ಆದರೂ ಅವರ ಕಾಲದ ಗಂಡು ಕವಿಯನ್ನು ಕವಿಯೆಂದು ಕರೆದರೆ ಸಾಕಾಗಿತ್ತೆಂಬುದನ್ನು ಗಮನಿಸಬೇಕು. ಹೆಣ್ಣು ಸಾರ್ವಜನಿಕ ಜ್ಞಾನದ ಸ್ಥಾನಕ್ಕೆ ಬರಲು ನಂಟಸ್ತಿಕೆಯ ಅನುಮತಿಪತ್ರ ಬೇಕಾಗುತ್ತದೆ. ತಾಯಿಯಾಗಲಾರದವರಿಗೆ, ಅಕ್ಕನಾಗಲು ಒಪ್ಪದವರಿಗೆ, ಎರಡೂ ಅಲ್ಲದವರಿಗೆ ಆ ಪತ್ರ ಸಿಗುವುದಿಲ್ಲ.

ಕನ್ನಡದಲ್ಲಿ ‘ಭಾಷಾ ಅಲ್ಪಸಂಖ್ಯಾತರು’, ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬ ಎರಡು ಪದಪುಂಜಗಳು ಒಂದೇ ಅಚ್ಚಿನವು. ಮೊದಲನೆಯವರ ಕುಂದುಕೊರತೆ ಕೇಳಲು ಸಂವಿಧಾನದ 350ಬಿ ವಿಧಿಯಡಿ ವಿಶೇಷಾಧಿಕಾರಿಯೇ ಇದ್ದಾರೆ. ಇಬ್ಬರ ಅನುಭವದ ತಿರುಳೂ ಒಂದೇ: ಬೇರೆಯವರು ಭರ್ತಿ ಮಾಡಿದ ದಾಖಲೆಯಲ್ಲಿ ತನ್ನ ಹೆಸರು ತಪ್ಪಾಗಿ ಬರುವುದು, ತಿದ್ದಲು ಹೋದರೆ ಅದೇನು ದೊಡ್ಡ ವಿಷಯವೆಂದು ಕೇಳಿಸಿಕೊಳ್ಳುವುದು. ಮನೆಮಾತು ಕನ್ನಡವಾದವರನ್ನು ಮರಾಠಿಯೆಂದು ಬರೆದಾಗ ಆಗುವ ನೋವನ್ನು ಬಲ್ಲವರಿಗೆ, ‘ಶ್ರೀಮತಿ’, ‘ಸೌ.’ ಎಂಬ ಎರಡೇ ಆಯ್ಕೆಗಳ ಮುಂದೆ ಪೆನ್ನು ಹಿಡಿದು ನಿಂತವರ ಕಷ್ಟ ಅರ್ಥವಾಗದಿರಲು ಕಾರಣವಿಲ್ಲ.

ಆದ್ದರಿಂದ ಗಡಿನಾಡ ಗ್ರಂಥಾಲಯಗಳಿಗಾಗಿ ಸಲ್ಲಿಸುವ ಮುಂದಿನ ಮನವಿಯಲ್ಲಿ ಕನ್ನಡ ಪುಸ್ತಕಗಳ ಬೇಡಿಕೆಯ ಜೊತೆಗೆ ವೇತನಶ್ರೇಣಿ, ಎರಡನೆಯ ಹುದ್ದೆ, ಮಂಡಳಿಯ ಹೊರಗಿನ ದೂರು ವ್ಯವಸ್ಥೆ ಸೇರಬೇಕು. ಹೆಸರುಹಲಗೆಯ ಮೇಲೆ ಹೆಸರು ಮತ್ತು ಹುದ್ದೆ ಸಾಕು. ಹೆಸರಿನ ಹಿಂದೆ ಮನೆಯ ಸಮಾಚಾರ ಬೇಡ. ‘ಗ್ರಂಥಪಾಲಕರು’ ಎಂಬ ಬಹುವಚನವನ್ನು ಉಳಿಸಿಕೊಳ್ಳಬಹುದು, ಅದು ಮೇಲಿನವರಿಗೆ ಸಲ್ಲುವಂತೆ ಅನುದಾನದ ‘ಡ’ ವರ್ಗದ ಕೊನೆಯ ಮೇಜಿಗೂ ಸಲ್ಲುವುದಾದರೆ.